ಮಂಡಕ್ಕಿ ಮುಗಿಯುವ ಹೊತ್ತಿಗೆ

ಹೊಳೆ ಬಾಗುವ ಕಡೆ ಒಂದು ಮಠವಿತ್ತು. ಮಠ ಎಂದ ಕೂಡಲೇ ಬೆಳ್ಳಿಯ ಪೀಠ, ಅಡ್ಡಪಲ್ಲಕ್ಕಿ ಎಂದುಕೊಳ್ಳಬೇಡಿ. ಒಂದು ಪಡಸಾಲೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಮುಗಿಯಿತು.

ಗುರುಗಳ ಹೆಸರು ಶಂಭುಲಿಂಗಜ್ಜ. ಅವರು ಪ್ರವಚನ ಹೇಳುವವರಲ್ಲ. ಬಂದವರ ಕೈಗೆ ಕಾಗದ ಕೊಟ್ಟು ಕೂರಿಸುವವರು.

ದಸರೆ ಮುಗಿಯಿತೆಂದರೆ ಅಂಗಳದ ತುಂಬ ಬಿದಿರ ಕಡ್ಡಿ, ಅಂಟು, ಕೈಯಲ್ಲಿ ಮಾಡಿದ ದಪ್ಪ ಕಾಗದ. ದೀಪಾವಳಿಗೆ ಸುತ್ತಲಿನ ಊರುಗಳಿಗೆ ಮಠದ ಆಕಾಶಬುಟ್ಟಿ ಹೋಗಬೇಕು.

ಬಣ್ಣವೂ ಮಠದಲ್ಲೇ ಆಗುತ್ತಿತ್ತು. ಅರಿಶಿನದ ನೀರಿನಲ್ಲಿ ಅದ್ದಿದರೆ ಹಳದಿ. ಆ ಹಳದಿಯನ್ನೇ ನೀಲಿಯಲ್ಲಿ ಮುಳುಗಿಸಿ ತೆಗೆದರೆ ಹಸಿರು. ಕಾಗದವನ್ನು ಗಿಳಿಯ ಕೊಕ್ಕಿನಂತೆ ಮಡಚಿ ತುದಿಯನ್ನಷ್ಟೇ ಬಣ್ಣಕ್ಕೆ ತಾಗಿಸಿ ಬಿಚ್ಚಿದರೆ ನಡುವೆ ಹೂವು. ಇದನ್ನೆಲ್ಲ ಹೊಸಬರೂ ಒಂದು ಹಂಗಾಮಿನಲ್ಲಿ ಕಲಿತುಬಿಡುತ್ತಿದ್ದರು.

ಕೆಂಪು ಮಾತ್ರ ಅಜ್ಜನ ಕೈಯಲ್ಲೇ ಉಳಿದಿತ್ತು.

ಮುಚ್ಚಿಟ್ಟದ್ದೇನೂ ಇರಲಿಲ್ಲ. ಅಜ್ಜ ಎಲ್ಲರೆದುರೇ ಕಾಗದಕ್ಕೆ ಬಣ್ಣ ಕಚ್ಚಿಸುವ ಪಟಕದ ನೀರು ಸವರಿ ಹಗ್ಗಕ್ಕೆ ತೂಗುಹಾಕುವರು. ಆಮೇಲೆ ಪತಂಗದ ಮರದ ಚಕ್ಕೆ ಕುದಿಸಿದ ಕೆಂಪು ನೀರಿನಲ್ಲಿ ಕುಂಚ ಅದ್ದಿ ಎಳೆಯುವರು. ಬಣ್ಣ ದಾಸವಾಳದ ಎಸಳಿನ ಹಾಗೆ ಒಂದೇ ಸಮ ಕೂರುತ್ತಿತ್ತು. ಅದನ್ನೇ ಬೇರೆಯವರು ಬಿಡುವಿದ್ದಾಗ ಮಾಡಿ ನೋಡಿದರೆ ಒಮ್ಮೆ ಬಣ್ಣ ಹರಿದು ಗೊಜ್ಜಾಗುತ್ತಿತ್ತು, ಇನ್ನೊಮ್ಮೆ ಉದ್ದಕ್ಕೂ ಗೆರೆ ಬೀಳುತ್ತಿತ್ತು.

ತೂಗುಹಾಕುವುದಕ್ಕೂ ಕುಂಚ ಹಿಡಿಯುವುದಕ್ಕೂ ನಡುವೆ ಅಲ್ಲೊಂದು ರೂಢಿಯಿತ್ತು. ಅಡುಗೆಯ ನೀಲವ್ವ ಬಂಡಿಗಾಲಿಯಷ್ಟು ಅಗಲದ ಹಿತ್ತಾಳೆ ಪರಾತದ ತುಂಬ ಒಗ್ಗರಣೆ ಮಂಡಕ್ಕಿ ತಂದು ಬೇವಿನ ಬುಡದಲ್ಲಿ ಇಡುವಳು. ಶೇಂಗಾ, ಪುಟಾಣಿ, ಕರಿಬೇವು, ಬದಿಗೆ ಒಂದು ಹೆಂಟೆ ಬೆಲ್ಲ. ಎಲ್ಲರೂ ಸುತ್ತ ಕೂತು ಒಂದೇ ಪರಾತಕ್ಕೆ ಕೈ ಹಾಕುವರು. ತಿಂದು, ಹೊಳೆಯಲ್ಲಿ ಕೈ ತೊಳೆದು, ಮತ್ತೆ ಕೆಲಸ.

ಎಲ್ಲರೂ ಎಂದೆ. ಒಬ್ಬನನ್ನು ಬಿಡಬೇಕು. ಅವನೇ ಹಾಲೇಶ.

ಹಾಲೇಶ ಮಠಕ್ಕೆ ಬಂದು ವರ್ಷಗಳಾಗಿದ್ದವು. ಕೈ ಚುರುಕು, ಕಣ್ಣು ಚುರುಕು, ಕೇಳುವ ಪ್ರಶ್ನೆ ಇನ್ನೂ ಚುರುಕು. ಪರಾತದ ಸುತ್ತ ಕೂತು ಹರಟುವವರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಬಾಯಾಡಿಸುವವರ ಕೈಗೆ ವಿದ್ಯೆ ಹತ್ತುವುದುಂಟೇ ಎಂಬುದು ಅವನ ಲೆಕ್ಕ.

ಆ ವರ್ಷ ಅಜ್ಜ ಮೊದಲ ಹಾಳೆಗೆ ಕುಂಚ ಎತ್ತಿದರು. ಕೈ ನಡುಗಿತು. ಕಾಗದದ ಮೇಲೆ ತಟಕ್ಕನೆ ಒಂದು ಹನಿ ಬಿತ್ತು.

ಅಜ್ಜ ಆ ಹನಿಯನ್ನು ಸ್ವಲ್ಪ ಹೊತ್ತು ನೋಡಿದರು. ಕುಂಚ ಕೆಳಗಿಟ್ಟರು.

"ಈ ಸಲದಿಂದ ಕೆಂಪು ನೀವ ಹಿಡೀರಿ" ಎಂದರು.

ಅದೇ ವಾರ ಹೊಳೆಯಾಚೆಯ ಬನ್ನಿಮಡುವಿನಿಂದ ಅಂಬಿಗರ ದುರ್ಗಪ್ಪನ ಕೈಲಿ ಹೇಳಿಕೆ ಬಂತು. ದೋಣಿ ನಿಲ್ಲುವ ತಮ್ಮ ಕಡವಿಗೆ ಒಂದು ದೊಡ್ಡ ಬುಟ್ಟಿ ಬೇಕು. ತಮ್ಮ ಹುಡುಗರಿಗೆ ಕಲಿಸಲು ಅಲ್ಲೇ ಉಳಿಯುವ ಒಬ್ಬರೂ ಬೇಕು.

"ದೊಡ್ಡ ಬುಟ್ಟಿಗೆ ಯಾರು ಕೆಂಪು ಹಚ್ಚತಾರೋ, ಅವರ ಅದನ್ನ ಹೊತ್ಕೊಂಡು ಆ ದಂಡಿಗೆ ಹೋಗ್ಲಿ" ಎಂದರು ಅಜ್ಜ.

ಹಾಲೇಶ ಮಡಚುತ್ತಿದ್ದ ಕಾಗದವನ್ನು ಅರ್ಧಕ್ಕೇ ಬಿಟ್ಟ.

ಬನ್ನಿಮಡು ಅವನ ಹುಟ್ಟೂರು. ಹುಡುಗನಾಗಿದ್ದಾಗ ಹಳೆಯ ಪೇಪರಿನಲ್ಲಿ ತಾನೇ ಒಂದು ಆಕಾಶಬುಟ್ಟಿ ಕಟ್ಟಿ ದೀಪ ಇಟ್ಟಿದ್ದ. ಗಾಳಿಗೆ ದಾರ ಹರಿಯಿತು. ಬುಟ್ಟಿ ಹೋಗಿ ಗೌಡರ ಬಣವೆಯ ಮೇಲೆ ಕೂತಿತು. ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ. ಇಡೀ ಊರು ಕೊಡ ಹಿಡಿದು ಓಡಿತು, ಇಡೀ ಊರು ಅವನ ಹೆಸರು ಹಿಡಿದು ಕೂಗಿತು. ಬೆಳಗಾಗುವುದರೊಳಗೆ ಹುಡುಗ ಹೊಳೆ ದಾಟಿದ್ದ. ಮನೆಯಲ್ಲಿ ಹುಡುಕುವವರು ಯಾರೂ ಇರಲಿಲ್ಲ.

ಅಂದಿನಿಂದ ಆ ದಂಡೆಯ ಕಡೆ ಮುಖವಿಟ್ಟು ಕೂತವನೂ ಅಲ್ಲ. ಆದರೆ ಮನಸ್ಸು ಅಲ್ಲೇ ಇತ್ತು. ಹೋದರೆ, ಯಾರೂ ಬಾಯಿ ತೆರೆಯಲಾಗದಂಥ ಒಂದು ಬುಟ್ಟಿ ಹಿಡಿದು ಹೋಗಬೇಕು. ಒಂದು ಕಲೆ ಇರಬಾರದು, ಒಂದು ಗೆರೆ ಇರಬಾರದು.

ಹಾಗಾಗಿ ಅಂದೇ ಸಂಜೆ ಅಜ್ಜನ ಮುಂದೆ ಕೂತ.

"ಅಜ್ಜಾರ, ಕೆಂಪಿಗೆ ಏನೇನು ಹಾಕ್ತೀರಿ?"

"ಪತಂಗದ ಚಕ್ಕಿ."

"ಅದು ಎಲ್ಲಾರಿಗೂ ಗೊತ್ತೈತ್ರಿ. ಮತ್ತ?"

"ನೀರು."

"ಮತ್ತೇನು?"

"ಇವತ್ತು ಮಂಡಕ್ಕಿ ತಿಂದಿ ಏನು?"

"ನಾ ಬಣ್ಣದ್ದು ಕೇಳಾಕತ್ತೀನ್ರಿ."

"ನಾನೂ ಅದನ್ನ ಹೇಳಾಕತ್ತೀನಿ" ಎಂದು ಅಜ್ಜ ಎದ್ದು ಒಳಗೆ ಹೋದರು.

ಹಾಲೇಶನಿಗೆ ಸಿಟ್ಟು ಬಂತು. ಮುದುಕರಿಗೆ ವಯಸ್ಸಾಯಿತು ಎಂದುಕೊಂಡ. ಮರುಕ್ಷಣ ಹಾಗೆ ಅಂದುಕೊಂಡದ್ದಕ್ಕೆ ಕೆನ್ನೆ ಬಡಿದುಕೊಂಡ.

ಮರುದಿನ ಹಾಳೆಗೆ ಪಟಕ ಸವರಿ ತೂಗುಹಾಕಿದ. ಉಳಿದವರು ಪರಾತದ ಕಡೆ ಹೊರಟರು.

"ಏ ಹಾಲೇಶಾ, ಬಾರೋ! ಬಿಸಿ ಐತಿ" ಎಂದು ನೀಲವ್ವ ಕರೆದಳು.

"ನನಗ ಬ್ಯಾಡ್ ಯವ್ವಾ."

ಅವರು ಮೊದಲ ಹಿಡಿ ಬಾಯಿಗೆ ಹಾಕುವಷ್ಟರಲ್ಲಿ ಇವನು ಕುಂಚ ಎಳೆದಾಗಿತ್ತು. ಕೆಂಪು ಹಾಳೆಯ ಮೇಲೆ ನಿಲ್ಲಲಿಲ್ಲ. ಅಂಚಿಗೆ ಹರಿದು, ಅಲ್ಲಿಂದ ಅವನ ಪಾದದ ಮೇಲೆ ತೊಟ್ಟಿಕ್ಕಿತು.

ಅಜ್ಜ ಬಂದು ನೋಡಿದರು. ಒಂದು ಹಿಡಿ ಮಂಡಕ್ಕಿ ಅವನ ಕೈಗೆ ಹಾಕಿ ಹೋದರು.

ಹಾಲೇಶ ಅದನ್ನು ಗುಬ್ಬಿಗಳಿಗೆ ಎಸೆದ.

ಬಣ್ಣದಲ್ಲೇ ಏನೋ ಇದೆ ಎಂಬ ಗುಮಾನಿ ಹೋಗಲಿಲ್ಲ. ಬೆಳಗಿನ ಜಾವ ಯಾರೂ ಇಲ್ಲದಾಗ ಬಣ್ಣದ ಗಡಿಗೆಯ ಹತ್ತಿರ ಕೂತ. ಮೂಸಿ ನೋಡಿದ. ಬೆರಳಿನಿಂದ ಕಲಕಿ ನೋಡಿದ. ಕೊನೆಗೆ ಒಂದು ಗುಟುಕು ಬಾಯಿಗೇ ಹಾಕಿಕೊಂಡ.

ಅಷ್ಟರಲ್ಲಿ ಹಿಂದೆ ಅಜ್ಜ ನಿಂತಿದ್ದರು.

"ರುಚಿ ಹೆಂಗೈತಿ?"

"ಒಗರು ಐತ್ರಿ" ಎಂದ ಹಾಲೇಶ. ಹಲ್ಲು, ನಾಲಿಗೆ, ಗಲ್ಲ ಎಲ್ಲ ಕೆಂಪಾಗಿದ್ದವು.

"ಮಂಡಕ್ಕಿ ಜೋಡಿ ತಿಂದ್ರ ಚಲೋ ಹತ್ತತೈತಿ" ಎಂದರು ಅಜ್ಜ.

ಆ ದಿನವೆಲ್ಲ ಮಠದಲ್ಲಿ ನಗುವೋ ನಗು. ಎಲೆ ಅಡಿಕೆ ಸಾಲದೆ ಬಣ್ಣದ ಗಡಿಗೆಗೇ ಬಾಯಿ ಹಾಕಿದ್ದಾನೆ ಎಂದು ನೀಲವ್ವ ಬಂದವರಿಗೆಲ್ಲ ಸಾರಿದಳು.

ಗುಮಾನಿಯೇನೋ ಬಿಟ್ಟಿತು. ಗಡಿಗೆಯಲ್ಲಿ ಪತಂಗದ ಚಕ್ಕೆ ಮತ್ತು ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾದರೆ ಗುಟ್ಟು ಎಲ್ಲಿದೆ?

ಮುಂದಿನ ಹಾಳೆಯನ್ನು ಮಧ್ಯಾಹ್ನದ ತನಕ ಒಣಗಲು ಬಿಟ್ಟು ಕುಂಚ ಎಳೆದ. ಬಣ್ಣ ಹರಿಯಲಿಲ್ಲ. ಆದರೆ ಕುಂಚ ಹೋದ ದಾರಿಯೆಲ್ಲ ಗೆರೆಗೆರೆಯಾಗಿ ನಿಂತಿತು, ಹೊಸದಾಗಿ ಉತ್ತ ಹೊಲದ ಹಾಗೆ.

ಹಾಲೇಶ ಗೆರೆಗಳನ್ನು ನೋಡುತ್ತ ನೋಡುತ್ತ ಎದ್ದು ನಿಂತ. ಹಸಿಯಿದ್ದರೆ ಹರಿಯುತ್ತದೆ, ಒಣಗಿದರೆ ಗೆರೆ ಬೀಳುತ್ತದೆ. ಗುಟ್ಟು ಬಣ್ಣದಲ್ಲಿಲ್ಲ, ಕಾಯುವುದರಲ್ಲಿದೆ!

ಅಜ್ಜನ ಹತ್ತಿರ ಓಡಿದ.

"ಅಜ್ಜಾರ, ಎಷ್ಟೊತ್ತು ಕಾಯಬೇಕ್ರಿ?"

"ಕಾಗದಕ್ಕ ಗೊತ್ತು."

"ಕಾಗದ ಹೇಳೂದಿಲ್ಲಲ್ರಿ! ತೊಯ್ದಾಗೂ ಹಂಗ ಕಾಣತೈತಿ, ಅರ್ಧ ಒಣಗಿದಾಗೂ ಹಂಗ ಕಾಣತೈತಿ. ಮುಟ್ಟಿ ನೋಡಿದ್ರ ಬೆರಳಿನ ಕಲಿ ಬೀಳತೈತಿ."

"ಹೌದಲ್ಲ" ಎಂದರು ಅಜ್ಜ, ತಮಗೂ ಈಗಷ್ಟೇ ಹೊಳೆದವರಂತೆ.

"ಮತ್ತ ನಿಮಗ ಹೆಂಗ ಗೊತ್ತಾಗತಿತ್ತು?"

"ನನಗೆಲ್ಲಿ ಗೊತ್ತಾಗತಿತ್ತು? ನಾ ಮಂಡಕ್ಕಿ ತಿಂತಿದ್ದೆ."

ಈ ಸಲ ಹಾಲೇಶನಿಗೆ ಸಿಟ್ಟು ಬರಲಿಲ್ಲ. ತಲೆಯಲ್ಲಿ ಏನೋ ಮಿಂಚಿತು. ಅಜ್ಜ ಇಷ್ಟು ವರ್ಷ ಕುಂಚ ಹಿಡಿಯುತ್ತಿದ್ದುದು ಯಾವಾಗ? ಪರಾತ ಬರಿದಾದ ಮೇಲೆ. ಹಾಗಾದರೆ ಮಂಡಕ್ಕಿಯೇ ಅವರ ಗಡಿಯಾರ.

ಇಷ್ಟು ಗೊತ್ತಾದ ಮೇಲೆ ಇನ್ನೇನು! ಮರುದಿನ ನೀಲವ್ವನ ಹತ್ತಿರ ಒಂದು ಬಟ್ಟಲು ಮಂಡಕ್ಕಿ ಇಸಿದುಕೊಂಡ. ನೀಲವ್ವನಿಗೆ ಸಂತೋಷವಾಗಿ ಮೇಲೊಂದು ತುಂಡು ಬೆಲ್ಲ ಇಟ್ಟಳು. ಅವನು ಅದನ್ನು ಒಯ್ದು ಹಗ್ಗದ ಕೆಳಗೆ ಒಬ್ಬನೇ ಕೂತ. ಕಣ್ಣು ಕಾಗದದ ಮೇಲೆ, ಕೈ ಬಟ್ಟಲಿನಲ್ಲಿ. ಗಬಗಬನೆ ತಿಂದ, ಎದ್ದ, ಕುಂಚ ಎಳೆದ.

ಬಣ್ಣ ಹರಿಯಿತು. ಮೇಲಿನ ಮೂಲೆಯಲ್ಲಿ ಎಣ್ಣೆಕೈ ತಾಗಿದ ಕಡೆ ಬಣ್ಣವೇ ಹತ್ತದೆ ಬೆಳ್ಳಗೆ ಐದು ಬೆರಳು ಮೂಡಿದ್ದವು.

"ಅಜ್ಜಾರ, ಮಂಡಕ್ಕಿನೂ ತಿಂದೆ. ಆದ್ರೂ ಕೆಡತು."

"ಎಷ್ಟು ಮಂದಿ ತಿಂದ್ರಿ?"

"ನಾನೊಬ್ಬನ."

"ಒಬ್ಬನ ತಿಂದ್ರ ಬ್ಯಾಗ ಮುಗೀತೈತಿ, ತಮ್ಮಾ."

ಇದೂ ನಿಜವೇ. ಹಾಲೇಶನಿಗೆ ಥಟ್ಟನೆ ಉಪಾಯ ಹೊಳೆಯಿತು. ಮಠದ ಅಟ್ಟದಲ್ಲಿ ಒಂದು ಗಳಿಗೆ ಬಟ್ಟಲಿತ್ತು, ಮದುವೆಯಲ್ಲಿ ಮುಹೂರ್ತ ನೋಡುವಂಥದ್ದು. ತಳದಲ್ಲಿ ಸಣ್ಣ ತೂತು. ನೀರಿನ ಮೇಲೆ ಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತದೆ. ಅದನ್ನು ಇಳಿಸಿ ಉಜ್ಜಿ ತೊಳೆದ.

ಆ ದಿನ ಉಳಿದವರು ಪರಾತದ ಸುತ್ತ ಕೂತಾಗ ಅವನು ದೂರದ ಕಟ್ಟೆಯ ಮೇಲೆ ಬಾನಿಯ ನೀರಲ್ಲಿ ಬಟ್ಟಲು ತೇಲಿಬಿಟ್ಟು ಕೂತ. ಅವರು ನಗುತ್ತಿದ್ದರು, ತಿನ್ನುತ್ತಿದ್ದರು, ದುರ್ಗಪ್ಪ ಕೈ ತಿರುಗಿಸಿ ಏನೋ ಕಥೆ ಹೇಳುತ್ತಿದ್ದ. ಹಾಲೇಶನಿಗೆ ಅದೊಂದೂ ಬೇಕಿರಲಿಲ್ಲ. ಪರಾತ ಬರಿದಾಗುವಷ್ಟರಲ್ಲಿ ಬಟ್ಟಲು ಎಷ್ಟು ಸಲ ಮುಳುಗಿತು ಎಂಬುದಷ್ಟೇ ಬೇಕಿತ್ತು.

ಅಷ್ಟೇ ಸಲ ಮುಳುಗಿಸಿ ಕುಂಚ ಎಳೆದ. ಕೆಂಪು ಕೂತಿತು!

ಮರುದಿನವೂ ಕೂತಿತು. ಅದರ ಮರುದಿನವೂ. ಹಾಳೆಗಳು ಹಗ್ಗದ ಮೇಲೆ ಸಾಲಾಗಿ ಕೆಂಪಗೆ ಉರಿಯುತ್ತಿದ್ದವು. ಹಾಲೇಶ ಅವುಗಳ ಕೆಳಗೆ ಕೈ ಬೆನ್ನಿಗೆ ಕಟ್ಟಿಕೊಂಡು ಓಡಾಡಿದ. ಓಡಾಡಲಿ ಬಿಡಿ, ಪಾಪ, ಎಷ್ಟು ಹಾಳೆ ಕೆಡಿಸಿಕೊಂಡು ಕಲಿತದ್ದು.

"ಚಲೋ ಆಗ್ಯಾವು" ಎಂದರು ಅಜ್ಜ.

"ಇನ್ನ ಮ್ಯಾಲೆ ಮಂಡಕ್ಕಿ ಇಲ್ಲದಿದ್ರೂ ನಡೀತೈತ್ರಿ ಅಜ್ಜಾರ. ಬಟ್ಟಲ ಸಾಕು."

"ಹೌದೇನು?" ಎಂದು ಅಜ್ಜ ಆಕಾಶ ನೋಡಿದರು. ತೆಂಕಣದ ಕಡೆ ಒಂದು ತುಂಡು ಮೋಡವಿತ್ತು.

ದೊಡ್ಡ ಬುಟ್ಟಿಯ ಹೊಟ್ಟೆಗೆ ಹಾಸಿಗೆಯಷ್ಟು ಅಗಲದ ಹಾಳೆ ಬೇಕು. ಅಂಥದ್ದು ಎರಡೇ ಇದ್ದವು, ಒಂದು ಬುಟ್ಟಿಗೆ, ಇನ್ನೊಂದು ಆಪತ್ತಿಗೆ. ಹಾಲೇಶ ಮೊದಲನೆಯದಕ್ಕೆ ಪಟಕ ಸವರಿದ ದಿನವೇ ಹಿಂಗಾರಿನ ಜಿಟಿಜಿಟಿ ಹಿಡಿಯಿತು. ಅವನಿಗೆ ಅದೇನೂ ಚಿಂತೆಯೆನಿಸಲಿಲ್ಲ. ಹಾಳೆಯನ್ನು ಪಡಸಾಲೆಯ ಒಳಗೆ ತೂಗುಹಾಕಿ ಬಟ್ಟಲು ತೇಲಿಬಿಟ್ಟ.

ಬಟ್ಟಲು ಎಂದಿನಂತೆ ಮುಳುಗಿತು. ಅವನು ಎಂದಿನಂತೆ ಕುಂಚ ಎಳೆದ.

ಬಣ್ಣ ಹರಿಯಿತು. ಅಷ್ಟು ದೊಡ್ಡ ಹಾಳೆಯ ಮೇಲೆ ಮೇಲಿಂದ ಕೆಳಗಿನ ತನಕ ಹರಿದು ನೆಲದ ಮೇಲೆ ಕೆರೆ ಕಟ್ಟಿತು.

ಹಾಲೇಶ ಆ ಕೆಂಪು ಕೆರೆಯ ಪಕ್ಕದಲ್ಲೇ ಕುಸಿದು ಕೂತ. ಅವನ ಕಣ್ಣಿಗೆ ಕಂಡದ್ದು ಬಣ್ಣವಲ್ಲ, ಉರಿಯುವ ಬಣವೆ.

"ಇನ್ನೊಂದು ಹಾಳಿ ಐತಿ" ಎಂದರು ಅಜ್ಜ.

"ನಾ ಹಚ್ಚೂದಿಲ್ರಿ. ಬ್ಯಾರೆ ಯಾರಿಗರೆ ಹೇಳ್ರಿ."

"ಯಾಕ?"

"ನನ್ನ ಕೈಯಾಗ ಕಾಗದ ಉಳಿಯೂದಿಲ್ರಿ. ಅವತ್ತೂ ಉಳೀಲಿಲ್ಲ." ಹೊಳೆಯಾಚೆ ಕೈ ತೋರಿಸಿದ. "ಆ ದಂಡಿ ಮಂದಿ ನನ್ನ ಕಂಡ್ರ ಏನಂತಾರ? ಬಣವಿ ಸುಟ್ಟಾವ ಬಂದ ಅಂತಾರ."

ಅಜ್ಜ ಸಮಾಧಾನ ಹೇಳಲಿಲ್ಲ. ಪಟಕದ ಕುಂಚ ಎತ್ತಿ ಅವನ ಕೈಗೆ ಕೊಟ್ಟರು.

"ಪಟಕ ಸವರಿ ತೂಗಹಾಕು. ಕೆಂಪು ಯಾರು ಹಚ್ಚತಾರ ಅಂಬೂದು ಆಮ್ಯಾಲೆ ನೋಡೂಣು."

ಗುರುಗಳ ಮಾತು. ಮೀರುವಂತಿಲ್ಲ. ಹಾಲೇಶ ಉಳಿದೊಂದು ಹಾಳೆಗೆ ಪಟಕ ಸವರಿ ತೂಗುಹಾಕಿದ. ಅದನ್ನು ನೋಡುತ್ತ ಕೂರುವ ಧೈರ್ಯವಾಗಲಿಲ್ಲ. ಗಳಿಗೆ ಬಟ್ಟಲನ್ನೂ ಅಲ್ಲೇ ಬಿಟ್ಟು ಅಡುಗೆಮನೆಗೆ ನಡೆದ. ದುಃಖವಾದವನಿಗೆ ಒಲೆಯ ಮುಂದಿಗಿಂತ ಒಳ್ಳೆಯ ಜಾಗ ಯಾವುದಿದೆ?

ನೀಲವ್ವ ಮಂಡಕ್ಕಿಯ ಚೀಲ ಬಿಚ್ಚಿ ಒಂದು ಕಾಳು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದಳು.

"ಸುಡ್ಲಿ, ಮೆತ್ತಗಾಗೈತಿ. ಬಾ ಇಲ್ಲಿ, ಸುಮ್ನ ಕುಂದರಬ್ಯಾಡ. ಈ ಬಾಣಲಿಯಾಗ ಕೈಯಾಡ್ಸು."

"ಯಾಕ್ ಯವ್ವಾ? ದಿನಾ ಹುರಿಯೂದಿಲ್ಲಲ್ಲ."

"ದಿನಾ ಯಾಕ ಹುರೀಲಿ? ಬಿಸಲಿದ್ರ ತಾನ ಗರಿಗರಿ ಇರತೈತಿ. ಇಂಥಾ ಥಂಡಿಯಾಗ ಹಸಿ ಗಾಳಿ ಕುಡಿದು ಮೆತ್ತಗಾಗತೈತಿ. ಸಣ್ಣ ಉರಿ ಮ್ಯಾಲೆ ಬೆಚ್ಚಗ ಮಾಡಬೇಕು. ಅವಸರ ಮಾಡಿದ್ರ ಸೀದು ಹೋಕ್ಕೈತಿ."

ಹಾಲೇಶ ಕೈಯಾಡಿಸಿದ. ಬಾಣಲೆ ಒಂದಾಯಿತು, ಎರಡಾಯಿತು, ಚೀಲ ಮಾತ್ರ ಅರ್ಧಕ್ಕೂ ಇಳಿಯಲಿಲ್ಲ. ಕೈ ಸೋತಿತು. ಅಡುಗೆಮನೆಯ ಬಾಗಿಲಿನಿಂದ ಪಡಸಾಲೆಯಲ್ಲಿ ತೂಗುತ್ತಿದ್ದ ಹಾಳೆ ಕಾಣುತ್ತಿತ್ತು. ಅದೂ ಅದೇ ಹಸಿ ಗಾಳಿಯಲ್ಲಿ ತೂಗುತ್ತಿತ್ತು.

ಅವನ ಕೈ ನಿಂತಿತು.

"ಯವ್ವಾ, ಹಸಿ ಗಾಳಿ ಕುಡಿಯೂದು ಮಂಡಕ್ಕಿ ಒಂದ ಏನು?"

"ಎಲ್ಲಾನೂ ಕುಡೀತೈತಿ. ಉಪ್ಪು ನೀರು ಬಿಟ್ಟೈತಿ ನೋಡು. ಹಪ್ಪಳ ಮೆತ್ತಗಾಗ್ಯಾವು. ಕೈಯಾಡ್ಸು, ಸೀಯಾಕತ್ತೈತಿ!"

ಕೈಯಾಡಿಸುತ್ತ ಹಾಲೇಶ ಮೊದಲ ಬಾರಿಗೆ ನಕ್ಕ. ಬಟ್ಟಲಿಗೆ ಬಿಸಿಲೂ ಒಂದೇ, ಮಳೆಯೂ ಒಂದೇ. ಮಂಡಕ್ಕಿಗೆ ಹಾಗಲ್ಲ. ಕಾಗದ ತಡ ಮಾಡುವ ದಿನ ಮಂಡಕ್ಕಿಯೂ ತಡ ಮಾಡುತ್ತದೆ.

ಒಗ್ಗರಣೆ ಚುರುಗುಟ್ಟಿತು. ಪರಾತವನ್ನು ಅವನೇ ಹೊತ್ತು ಪಡಸಾಲೆಗೆ ತಂದು ನಡುವೆ ಇಟ್ಟ. ಕಾಯುವುದಕ್ಕಾದರೂ ಕೂರಬೇಕಲ್ಲ ಎಂದು ಅಂಚಿನಲ್ಲಿ ಕೂತ.

"ಏನಪಾ, ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟ್ಯಾನ?" ಎಂದ ಅಂಬಿಗರ ದುರ್ಗಪ್ಪ, ತೊಯ್ದ ತಲೆ ಒರೆಸುತ್ತ.

"ಇವತ್ತು ಹುಟ್ಟೇ ಇಲ್ಲ ಬಿಡು ಕಾಕಾ" ಎಂದ ಹಾಲೇಶ. ಎಲ್ಲರೂ ನಕ್ಕು ಅವನಿಗೆ ಜಾಗ ಬಿಟ್ಟರು.

ಅವನು ಪರಾತಕ್ಕೆ ಕೈ ಹಾಕಿದ. ಪಕ್ಕದವನ ಕೈಗೆ ಕೈ ತಾಗಿತು. ಶೇಂಗಾ ಅವನ ಕಡೆ ಕಡಿಮೆಯಿತ್ತು. ಯಾರೋ ಒಂದಷ್ಟು ಈ ಕಡೆ ತಳ್ಳಿದರು.

ದುರ್ಗಪ್ಪ ಬೆಲ್ಲ ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದ.

"ಹಾಲೇಶಾ, ಮತ್ತ ಬನ್ನಿಮಡುದವರಿಗೆ ಏನು ಹೇಳ್ಲಿ? ದಿನಾ ಕೇಳತಾರ."

"ಬುಟ್ಟಿ ಯಾವಾಗ ಬರತೈತಿ ಅಂತನಾ?"

"ಬುಟ್ಟೀದು ಯಾರು ಕೇಳತಾರ? ನಮ್ಮ ಹಾಲೇಶ ಯಾವಾಗ ಬರತಾನ ಅಂತ ಕೇಳತಾರ."

ಹಾಲೇಶನ ಹಿಡಿಯಲ್ಲಿದ್ದ ಮಂಡಕ್ಕಿ ಹಿಡಿಯಲ್ಲೇ ಉಳಿಯಿತು.

"ಯಾರು ಕೇಳತಾರ ಕಾಕಾ?"

"ಯಾರು ಅಂದ್ರ? ಎಲ್ಲಾರೂ. ಗೌಡ್ರಂತೂ ಹೋದಾಗೊಮ್ಮೆ ಕೇಳತಾರ. 'ದುರ್ಗಪ್ಪ, ಬಣವಿ ಆ ವರ್ಷನ ಮತ್ತ ಒಟ್ಟಿದ್ವಿ. ಹೋದ ಹುಡುಗ ಮಾತ್ರ ಬರಲಿಲ್ಲ ನೋಡು' ಅಂತಾರ."

"ನನಗ್ಯಾಕ ಹೇಳಲಿಲ್ಲ ನೀ?"

"ಹೇಳಲಿಲ್ಲ?" ದುರ್ಗಪ್ಪ ಕಣ್ಣರಳಿಸಿದ. "ಎಷ್ಟು ವರ್ಷ ಆತು ಇಲ್ಲೇ ಕುಂತು ಹೇಳಾಕತ್ತು! ಕೇಳು ಇವರನ್ನ. ನೀ ಕುಂದರತಿದ್ದಿಲ್ಲ."

ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ಅವನಿಗೆ ಗೊತ್ತಿದ್ದೂ ಹೋಗಲು ಮನಸ್ಸಿಲ್ಲ ಎಂದು ಅವರೆಲ್ಲ ತಿಳಿದಿದ್ದರು.

ಹಾಲೇಶನಿಗೆ ಅಳು ಬಂತು. ತಡೆಯಲಿಲ್ಲ. ಖಾರ ಹೆಚ್ಚಾಗಿದೆ ಎಂದು ನೀಲವ್ವನ ಮೇಲೆ ಹಾಕಿದ. ಅವಳು ಬೈದು ನೀರು ಕೊಟ್ಟಳು.

ಆಮೇಲೆ ಅವನ ಪ್ರಶ್ನೆಗಳು ಶುರುವಾದವು. ಗೌಡರಿಗೆ ಈಗ ಕಣ್ಣು ಕಾಣುತ್ತದೆಯೇ? ಕಡವಿನ ಹತ್ತಿರದ ಬನ್ನಿಮರ ಇದೆಯೇ? ತನ್ನ ಜೊತೆ ದನ ಕಾಯುತ್ತಿದ್ದವರು ಏನು ಮಾಡುತ್ತಿದ್ದಾರೆ? ಅವರ ಮಕ್ಕಳು ಎಷ್ಟು ದೊಡ್ಡವರು? ದುರ್ಗಪ್ಪ ಒಂದೊಂದಕ್ಕೂ ಉದ್ದುದ್ದ ಉತ್ತರ ಕೊಟ್ಟ. ಅವನಿಗೆ ಇಷ್ಟು ವರ್ಷ ಕೇಳುವವರೇ ಸಿಕ್ಕಿರಲಿಲ್ಲ. ನಡುವೆ ಉಳಿದವರೂ ತಮ್ಮ ತಮ್ಮ ಊರಿನ ಮಾತು ಸೇರಿಸಿದರು. ಕೈಗಳು ಪರಾತಕ್ಕೆ ಹೋಗುತ್ತಿದ್ದವು, ಬರುತ್ತಿದ್ದವು.

ಕಾಗದವೊಂದು ತೂಗುತ್ತಿದೆ ಎಂಬುದೇ ಹಾಲೇಶನಿಗೆ ಮರೆತುಹೋಗಿತ್ತು.

ಅವನ ಬೆರಳು ಪರಾತದ ತಳಕ್ಕೆ ತಾಗಿ ಕೆರೆದ ಸದ್ದಾಯಿತು. ಕೆಳಗೆ ನೋಡಿದ. ಎರಡು ಕರಿಬೇವಿನ ಎಲೆ, ಒಂದಷ್ಟು ಉಪ್ಪು.

ಅಜ್ಜ ಅವನನ್ನೇ ನೋಡುತ್ತಿದ್ದರು.

ಹಾಲೇಶ ಎದ್ದು ಮಳೆಯಲ್ಲೇ ಹೊಳೆಗೆ ಓಡಿ ಕೈ ತೊಳೆದು ಬಂದ. ಕುಂಚ ಅದ್ದಿದ. ಉಸಿರು ಬಿಗಿಹಿಡಿಯಲಿಲ್ಲ, ದೇವರನ್ನೂ ನೆನೆಯಲಿಲ್ಲ. ಗೌಡರು ಹೇಳಿದರೆಂಬ ಮಾತು ಮಾತ್ರ ಕಿವಿಯಲ್ಲಿತ್ತು. ಎಳೆದ.

ಕೆಂಪು ಕೂತಿತು. ಎಲ್ಲೂ ಹರಿಯದೆ, ಎಲ್ಲೂ ನಿಲ್ಲದೆ, ಅಂಚಿನಿಂದ ಅಂಚಿಗೆ ಒಂದೇ ಸಮ.

ಎಲ್ಲರೂ ಎದ್ದು ಹಾಳೆಯ ಹತ್ತಿರ ಬಂದರು. ನೀಲವ್ವ ಮಾತ್ರ ಇಡೀ ಚೀಲ ಹುರಿದದ್ದು ಸಾರ್ಥಕವಾಯಿತು ಎಂದು ಬರಿಯ ಪರಾತ ಎತ್ತಿಕೊಂಡು ಒಳಗೆ ಹೋದಳು.

ದೀಪಾವಳಿಗೆ ಮುಂಚೆ ಮಳೆ ಬಿಟ್ಟಿತು. ದೊಡ್ಡ ಬುಟ್ಟಿ ತಯಾರಾಯಿತು. ಕೆಂಪು ಹೊಟ್ಟೆ, ಹಳದಿ ಝಾಲರಿ, ಕೆಳಗೆ ಹಸಿರು ಬಾಲ. ದುರ್ಗಪ್ಪ ಅದನ್ನು ದೋಣಿಯಲ್ಲಿ ಮದುಮಗಳನ್ನು ಕೂರಿಸುವ ಹಾಗೆ ಕೂರಿಸಿದ.

ಹಾಲೇಶನನ್ನು ಕಳಿಸಲು ಅಜ್ಜ ಕೋಲೂರಿಕೊಂಡು ದಂಡೆಗೆ ಬಂದರು. ಪತಂಗದ ಚಕ್ಕೆಯ ಗಂಟು ಕೊಟ್ಟರು. ಪಟಕದ ಗಟ್ಟಿ ಕೊಟ್ಟರು. ತಮ್ಮ ಕುಂಚ ಕೊಟ್ಟರು. ಕೊನೆಗೆ ನೀಲವ್ವ ಆ ಹಿತ್ತಾಳೆಯ ಪರಾತವನ್ನೇ ತಂದು ದೋಣಿಯಲ್ಲಿಟ್ಟಳು. ಅದರಲ್ಲಿ ಒಂದು ಚೀಲ ಮಂಡಕ್ಕಿ.

"ಇದು ಮಠದ್ದಲ್ಲರೀ ಅಜ್ಜಾರ?"

"ಮಠಕ್ಕ ಬ್ಯಾರೆ ಬರತೈತಿ. ಒಯ್ಯಿ."

ಹಾಲೇಶ ಅಜ್ಜನ ಪಾದ ಮುಟ್ಟಿ ನಮಸ್ಕರಿಸಿದ. ದೋಣಿ ಹತ್ತಿದ. ಹತ್ತಿದವನು ಮತ್ತೆ ಇಳಿದ. ಪ್ರಶ್ನೆಯೊಂದು ಉಳಿದುಹೋಗಿದ್ದರೆ ಅವನಿಗೆ ಹೊಳೆ ದಾಟುವುದು ಹೇಗೆ ಸಾಧ್ಯ?

"ಅಜ್ಜಾರ, ಒಂದು ಮಾತು ಕೇಳ್ಲ್ಯಾ?"

"ಕೇಳು."

"ಮಂಡಕ್ಕಿ ಗರಿಗರಿ ಇದ್ರ ಕಾಗದ ಬ್ಯಾಗ ಒಣಗತೈತಿ. ಮೆತ್ತಗಿದ್ರ ತಡಾ ಆಗತೈತಿ. ಇಷ್ಟ ಮಾತು. ಇದನ್ನ ನೀವು ಮೊದಲನೇ ದಿನಾನ ಹೇಳಿದ್ರ ಅಷ್ಟು ಹಾಳಿ ಉಳೀತಿದ್ದುವಲ್ರಿ! ಯಾಕ ಹೇಳಲಿಲ್ಲ?"

ಅಜ್ಜ ಬಗ್ಗಿ ಚೀಲದಿಂದ ಒಂದೇ ಒಂದು ಮಂಡಕ್ಕಿ ಕಾಳು ಎತ್ತಿ ಅವನ ಅಂಗೈ ಮೇಲೆ ಇಟ್ಟರು.

"ಹೇಳಿದ್ರ ನೀ ಇದೊಂದ ಕಾಳು ಬಾಯಾಗ ಹಾಕ್ಕೊಂಡು ನೋಡಿ, ಯಾರ ಜೋಡಿನೂ ಕುಂದರಲಾರದ ಪರಾತ ಒಳಗ ಇಟ್ಟು ಬರತಿದ್ದಿ."